ಹಾಪಲಾಂಗ್ ಕ್ಯಾಸಿಡಿ (1935): ಕಾದಂಬರಿಯ ಆ ಒರಟ ಎಲ್ಲಿ ಹೋದ?

ತುಂಗಾತೀರ (ಚರ್ಚೆ ಆರಂಭಿಸಿದವರು)
ಕಳೆದ ಎರಡು ವಾರ ಕ್ಲಾರೆನ್ಸ್ ಮಲ್‌ಫೋರ್ಡ್ ಬರೆದ ‘ಹಾಪಲಾಂಗ್ ಕ್ಯಾಸಿಡಿ’ ಎಂಬ ಅಮೆರಿಕದ ಕೌಬಾಯ್ ಕಾದಂಬರಿಯಲ್ಲಿ ಮುಳುಗಿದ್ದೆ. 1910ರ ಪುಸ್ತಕ. ನಿನ್ನೆ ರಾತ್ರಿ ಅದೇ ಕಥೆಯ ಮೇಲೆ 1935ರಲ್ಲಿ ಹಾವರ್ಡ್ ಬ್ರೆದರ್ಟನ್ ನಿರ್ದೇಶಿಸಿದ ಸಿನಿಮಾ ನೋಡಿದೆ. ಒಂದು ಗಂಟೆಯಲ್ಲಿ ಮುಗಿಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಮುಗಿದಿಲ್ಲ.

ಪುಸ್ತಕದ ಕ್ಯಾಸಿಡಿ ಕೆಂಪು ಕೂದಲಿನ ಹುಡುಗ. ತಂಬಾಕು ಜಗಿಯುತ್ತಾನೆ, ಕುಡಿಯುತ್ತಾನೆ, ಬಾಯಿ ಬಿಟ್ಟರೆ ಬೈಗುಳ. ಗುಂಡೇಟು ಬಿದ್ದ ಕಾಲನ್ನು ಎಳೆದುಕೊಂಡೇ ನಡೆಯುತ್ತಾನೆ. ಗೆಳೆಯರಿಗಾಗಿ ಪ್ರಾಣ ಕೊಡುತ್ತಾನೆ, ಆದರೆ ಅವನ ಎದುರು ಕುಳಿತು ಇಸ್ಪೀಟು ಆಡಲು ಎದೆಗಾರಿಕೆ ಬೇಕು. ಸಿನಿಮಾದಲ್ಲಿ ಬಂದವನು ಯಾರು? ನಲವತ್ತರ ಹರೆಯದ, ನರೆಗೂದಲಿನ, ಮೇಷ್ಟರ ಹಾಗೆ ಮಾತಾಡುವ ವಿಲಿಯಂ ಬಾಯ್ಡ್. ನೋಡಲು ಚೆನ್ನಾಗಿದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಅವನು ಇವನಲ್ಲ.

‘ಕಡಿಮೆ ಬಜೆಟ್ಟಿನ ಚಿತ್ರ, ಅಷ್ಟೇ ನಿರೀಕ್ಷಿಸಬೇಕು’ ಎಂದು ಗೆಳೆಯನೊಬ್ಬ ಸಮಾಧಾನ ಹೇಳಿದ. ನನಗೆ ಇದು ಅರ್ಥವಾಗುತ್ತಿಲ್ಲ. ದನಗಳ ಹಿಂಡು ಚಿಕ್ಕದಾಗಲಿ, ಸೆಟ್ಟು ಬಡವಾಗಲಿ, ಒಪ್ಪುತ್ತೇನೆ. ಒಬ್ಬ ಮನುಷ್ಯನ ಗುಣವನ್ನು ಉಳಿಸಿಕೊಳ್ಳಲು ದುಡ್ಡು ಬೇಕೇ? ಬಲ್ಲವರು ಹೇಳಿ.

ರೀಲುಡಬ್ಬಿ
ಬೇಕಾಗಿರಲಿಲ್ಲ. ಆದರೆ ಅಡ್ಡಿ ಬೇರೆ ಕಡೆಯಿಂದ ಬಂತು. ಹಾಲಿವುಡ್ಡಿನಲ್ಲಿ 1934ರ ಮಧ್ಯಭಾಗದಿಂದ ಹೇಸ್ ಸಂಹಿತೆ, ಅಂದರೆ ತೆರೆಯ ಮೇಲೆ ಏನು ತೋರಿಸಬಾರದು ಎಂದು ಚಿತ್ರೋದ್ಯಮವೇ ಹಾಕಿಕೊಂಡ ಕಟ್ಟಳೆ, ಬಿಗಿಯಾಗಿ ಜಾರಿಗೆ ಬಂತು. ಬೈಗುಳ, ಕಾನೂನು ಮೀರಿದ ಕೊಲೆಯ ವೈಭವ, ಇವಕ್ಕೆಲ್ಲ ಕತ್ತರಿ. ಮಲ್‌ಫೋರ್ಡ್ ಬರೆದ ಕ್ಯಾಸಿಡಿ ಆ ಬಾಗಿಲು ದಾಟುವುದೇ ಕಷ್ಟವಿತ್ತು.

ಬಜೆಟ್ಟಿಗೂ ಇದಕ್ಕೂ ನಂಟಿಲ್ಲ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆಗ ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುತ್ತಿದ್ದರು. ದೊಡ್ಡ ಚಿತ್ರಕ್ಕೆ ಚಿತ್ರಮಂದಿರದವರು ಗಳಿಕೆಯಲ್ಲಿ ಪಾಲು ಕೊಡುತ್ತಿದ್ದರು. ಇಂಥ ಸಣ್ಣ ಚಿತ್ರಕ್ಕೆ ನಿಗದಿತ ಬಾಡಿಗೆ. ಚಿತ್ರ ಎಷ್ಟೇ ಓಡಲಿ, ನಿರ್ಮಾಪಕನಿಗೆ ಬರುವುದು ಅಷ್ಟೇ. ಅಂದರೆ ವರಮಾನ ಮೊದಲೇ ಗೊತ್ತು. ಲಾಭ ಬೇಕಾದರೆ ಖರ್ಚು ಕಡಿಮೆಯಾಗಬೇಕು, ಜೊತೆಗೆ ಇದೇ ನಾಯಕನ ಮುಂದಿನ ಚಿತ್ರವನ್ನು ಊರೂರಿನ ಮಂದಿರದವರು ಕಣ್ಣುಮುಚ್ಚಿ ತರಿಸಬೇಕು. ಶನಿವಾರ ಮಧ್ಯಾಹ್ನ ಆ ಕುರ್ಚಿಗಳಲ್ಲಿ ಕೂರುವವರು ಮಕ್ಕಳು. ಮಕ್ಕಳನ್ನು ಕಳಿಸುವವರು ತಾಯಂದಿರು. ಲೆಕ್ಕ ಅಲ್ಲಿಗೆ ಮುಗಿಯಿತು. ಕ್ಯಾಸಿಡಿ ಮದ್ಯ ಬಿಟ್ಟು ಸಾರ್ಸಪರಿಲ್ಲ ಕುಡಿಯಲು ಶುರು ಮಾಡಿದ.

ಮುಂಜಾವು
ಸಾರ್ಸಪರಿಲ್ಲ ಎಂದರೆ?

ರೀಲುಡಬ್ಬಿ
ಒಂದು ಬಗೆಯ ಬೇರಿನ ಸ್ವಾದದ ಸಿಹಿ ಪಾನೀಯ. ನಮ್ಮ ನನ್ನಾರಿ ಶರಬತ್ತಿನ ನೆನಪಾಗುತ್ತದೆ. ನನ್ನಾರಿಯನ್ನು ಇಂಗ್ಲಿಷಿನವರು ಭಾರತದ ಸಾರ್ಸಪರಿಲ್ಲ ಎಂದೇ ಕರೆದರು, ಗಿಡ ಮಾತ್ರ ಬೇರೆ.

ಮುಂಜಾವು
ಸೊಗದೇ ಬೇರು! ನಮ್ಮಜ್ಜಿ ಬೇಸಿಗೆಯಲ್ಲಿ ಕುದಿಸಿ ಕೊಡುತ್ತಿದ್ದರು. ಪಡಸಾಲೆಯಲ್ಲಿ ನನ್ನಾರಿ ಕುಡಿಯುವ ಕೌಬಾಯ್ ನನಗೆ ಇಷ್ಟವಾದ. ಸಿನಿಮಾ ಪರ ನನ್ನ ಒಂದು ಮತ.

ಒಂಟಿಸಾಲು
ತುಂಗಾತೀರ ಅವರೇ, ಮಲ್‌ಫೋರ್ಡ್ ಬಗ್ಗೆ ಒಂದು ವಿಷಯ. ‘ಪಶ್ಚಿಮದ ಅಸಲಿ ಬದುಕು’ ಎಂದು ನೀವು ನಂಬಿರುವ ಕಾದಂಬರಿಯನ್ನು ಬರೆಯಲು ಕೂತಾಗ ಅವರು ಅಮೆರಿಕದ ಪಶ್ಚಿಮ ಭಾಗವನ್ನೇ ಕಂಡಿರಲಿಲ್ಲ. ಹುಟ್ಟಿದ್ದು ಇಲಿನಾಯ್ ರಾಜ್ಯದಲ್ಲಿ, ಕೆಲಸ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಸರಕಾರಿ ಗುಮಾಸ್ತಿಕೆ. ಓದಿದ್ದನ್ನೆಲ್ಲ ಸಣ್ಣ ಕಾರ್ಡುಗಳಲ್ಲಿ ಬರೆದು ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟುಕೊಂಡು, ಅದರಿಂದ ಟೆಕ್ಸಸ್ಸನ್ನು ಕಟ್ಟಿದರು. ಅದೂ ಕಲ್ಪನೆ, ಇದೂ ಕಲ್ಪನೆ. ಒಂದನ್ನು ಸತ್ಯ ಎಂದು ಎದೆಗೊತ್ತಿಕೊಂಡು ಇನ್ನೊಂದನ್ನು ಸುಳ್ಳು ಎಂದು ಬೈಯುವುದು ಯಾವ ನ್ಯಾಯ?

ತುಂಗಾತೀರ
ಸರ್, ನಾನು ‘ಅಸಲಿ ಬದುಕು’ ಎಂದು ಎಲ್ಲಿಯೂ ಬರೆದಿಲ್ಲ, ಮೇಲೆ ನೋಡಿ. ಅವನ ಗುಣ ಎಂದು ಬರೆದೆ. ಲೇಖಕ ಊರು ನೋಡಿರಲಿ ಬಿಡಲಿ, ಆ ಕಾರ್ಡುಗಳಿಂದ ಎದ್ದು ಬಂದವನು ಬೆವರುವ ಮನುಷ್ಯ. ಕೆಲಸ ಮಾಡುತ್ತಾನೆ. ಬೇಲಿ ಕಾಯುವುದು, ಕರು ಹಿಡಿಯುವುದು, ಕುದುರೆಯ ಗೊರಸು ನೋಡುವುದು ಪುಟಗಟ್ಟಲೆ ಇದೆ. ಸಿನಿಮಾದಲ್ಲಿ ಯಾರೂ ಕೆಲಸವನ್ನೇ ಮಾಡುವುದಿಲ್ಲ.

ಒಂಟಿಸಾಲು
ಬೇಲಿಯಲ್ಲ, ಗಡಿಗೆರೆ. ಆ ಕಥೆಯ ಜಗಳವೇ ಬೇಲಿಯಿಲ್ಲದ ಹುಲ್ಲಿನದು. ಬಾರ್-20, ಎಚ್-2 ಎಂಬ ಎರಡು ರಾಂಚುಗಳ (ದನ ಸಾಕುವ ದೊಡ್ಡ ನೆಲೆಗಳ) ಕಡೆಯವರ ನಡುವೆ ಗೆರೆ ಎಳೆದು, ಈ ಕಡೆಯ ದನ ಆ ಕಡೆ ಹೋಗಬಾರದು ಎಂಬ ಹಟ. ಅದನ್ನು ಬಳಸಿಕೊಂಡು ಕಳ್ಳರು ಇಬ್ಬರ ದನವನ್ನೂ ಹೊಡೆಯುತ್ತಾರೆ.

ತುಂಗಾತೀರ
ಹೌದು, ಗಡಿಗೆರೆ. ತಿದ್ದಿಕೊಂಡೆ.

ಕಾಮನಬಿಲ್ಲು
ನೀವಿಬ್ಬರೂ ಮೇರಿ ಮೀಕರ್ ಬಗ್ಗೆ ಒಂದು ಮಾತೂ ಆಡಿಲ್ಲ! ಕಾದಂಬರಿಯಲ್ಲಿ ಅವಳನ್ನು ಪ್ರೀತಿಸುವವನು ಕ್ಯಾಸಿಡಿ. ಎದುರಾಳಿಯ ಮಗಳು, ಗಡಿಗೆರೆಯ ಆಚೆಯವಳು. ಅವನು ಅವಳ ಮುಂದೆ ಮಾತು ಸಿಗದೆ ನಿಲ್ಲುವುದು, ಕೊನೆಗೆ ಮದುವೆ, ಇವೆಲ್ಲ ಆ ಒರಟನ ಇನ್ನೊಂದು ಮುಖ. ಸಿನಿಮಾ ಆ ಪ್ರೀತಿಯನ್ನು ಕಿತ್ತು ಜಾನಿ ನೆಲ್ಸನ್ ಎಂಬ ಹುಡುಗನಿಗೆ (ಜಿಮ್ಮಿ ಎಲಿಸನ್) ಕೊಟ್ಟುಬಿಟ್ಟಿತು. ಕ್ಯಾಸಿಡಿಗೆ ಉಳಿದದ್ದು ಹಿರಿಯಣ್ಣನ ಪಾತ್ರ. ಬೈಗುಳ ಹೋಗಿದ್ದಕ್ಕಿಂತ ಇದು ದೊಡ್ಡ ನಷ್ಟ ಎಂದು ನನ್ನ ಅಭಿಪ್ರಾಯ.

ರೀಲುಡಬ್ಬಿ
ಮೇಡಂ ಹೇಳಿದ್ದು ಸರಿ. ಆದರೆ ಇಡೀ ಸರಣಿ ನಿಂತದ್ದು ಆ ಬದಲಾವಣೆಯ ಮೇಲೆ. ನಡುವಯಸ್ಸಿನ ನಾಯಕ, ಪ್ರೀತಿಯಲ್ಲಿ ಬೀಳುವ ದುಡುಕಿನ ಹುಡುಗ, ನಗಿಸುವ ಮುದುಕ. ಈ ಮೂವರ ಕಟ್ಟು ಇಲ್ಲಿಂದ ಶುರುವಾಗಿ 1948ರವರೆಗೆ 66 ಚಿತ್ರ ಬಂತು. ಮೊದಲ 54 ಹ್ಯಾರಿ ಶೆರ್ಮನ್ ನಿರ್ಮಾಣ, ಕೊನೆಯ 12 ಬಾಯ್ಡ್ ಅವರದೇ. ಮುತ್ತಿಡುವ ನಾಯಕನನ್ನು ಕಂಡರೆ ಆ ಮಕ್ಕಳು ಕೂಗಿ ಗಲಾಟೆ ಮಾಡುತ್ತಿದ್ದ ಕಾಲ.

ಕಾಮನಬಿಲ್ಲು
66 ಚಿತ್ರ ಬಂತು ಎಂದಮಾತ್ರಕ್ಕೆ ಮೊದಲನೆಯದರಲ್ಲಿ ಮೇರಿಗೆ ಆದದ್ದು ಸರಿಯಾಗುವುದಿಲ್ಲ.

ಎಮ್ಮೆಬೆಟ್ಟ
ನನ್ನದು ಬೇರೆ ಮಾತು. ಕಾದಂಬರಿಯನ್ನು ಅರ್ಧಕ್ಕೆ ಬಿಟ್ಟವನು ನಾನು. ಮೆಕ್ಸಿಕೊದವರನ್ನು ಮಲ್‌ಫೋರ್ಡ್ ವರ್ಣಿಸುವ ರೀತಿ ನನಗೆ ನುಂಗಲಾಗಲಿಲ್ಲ. ಕಳ್ಳ, ವಂಚಕ, ಹೇಡಿ ಎಲ್ಲವೂ ಅವರೇ. ಸಿನಿಮಾದ ಖಳ ಪೇಕಸ್ ಜ್ಯಾಕ್ ಆಂಟನಿ, ಎಚ್-2ರ ಮೇಲಾಳು. ಪುಸ್ತಕದ ಮೆಕ್ಸಿಕನ್ ಖಳ ಆಂಟೋನಿಯೊನ ಜಾಗಕ್ಕೆ ಬಂದವನು. ಜನಾಂಗದ ಮೇಲಿನ ಆ ಹಗೆ ಇಲ್ಲಿ ತೆಳುವಾಯಿತು. ಇದಕ್ಕಾಗಿಯಾದರೂ ಸಿನಿಮಾಕ್ಕೆ ಕೃತಜ್ಞತೆ ಸಲ್ಲಬೇಕು.

ತುಂಗಾತೀರ
ಇದನ್ನು ಒಪ್ಪುತ್ತೇನೆ. ಆ ಪುಟಗಳನ್ನು ಓದುವಾಗ ನನಗೂ ಹಿಂಸೆಯಾಯಿತು, ನನ್ನ ಮೊದಲ ಬರಹದಲ್ಲೇ ಹೇಳಬೇಕಿತ್ತು.

ಕ್ಯಾಲಿಫೋರ್ನಿಯಾ ಕನ್ನಡಿಗ
ತಡವಾಗಿ ಸೇರಿಕೊಂಡೆ, ಕ್ಷಮಿಸಿ. ಈ ಸರಣಿಯ ಎಷ್ಟೋ ಚಿತ್ರಗಳು ತಯಾರಾದದ್ದು ಲೋನ್ ಪೈನ್ ಊರಿನ ಪಕ್ಕದ ಅಲಬಾಮಾ ಹಿಲ್ಸ್‌ನಲ್ಲಿ. ಲಾಸ್ ಏಂಜಲಿಸ್‌ನಿಂದ ಕಾರಿನಲ್ಲಿ ಮೂರೂವರೆ ಗಂಟೆಯ ದಾರಿ. ಕಳೆದ ಚಳಿಗಾಲದಲ್ಲಿ ಹೋಗಿದ್ದೆ.

ಮೂವಿ ರೋಡ್ ಎಂದೇ ಹೆಸರಿರುವ ಮಣ್ಣಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದೆ. ಎದುರಿಗೆ ಕಂದುಬಣ್ಣದ ದುಂಡು ಬಂಡೆಗಳು, ಒಂದರ ಮೇಲೊಂದು ಪೇರಿಸಿದ ಹಾಗೆ. ಅವುಗಳ ಬೆನ್ನಿಗೆ ಸಿಯೆರಾ ನೆವಾಡ, ಗರಗಸದ ಹಲ್ಲಿನಂತೆ, ಹಿಮ ಹೊದ್ದುಕೊಂಡು. ವಿಟ್ನಿ ಶಿಖರ ಅಲ್ಲೇ ಇದೆ. ಒಂದು ಬಂಡೆಯ ಸಂದಿನಲ್ಲಿ ನಿಂತು ನೋಡಿದರೆ ಕಣಿವೆ, ಹತ್ತು ಹೆಜ್ಜೆ ನಡೆದು ಬೇರೆ ಸಂದಿನಿಂದ ನೋಡಿದರೆ ಮರುಭೂಮಿ, ಇನ್ನೊಂದು ತಿರುವಿನಲ್ಲಿ ಬೆಟ್ಟದ ಬುಡ. ಕಡಿಮೆ ದುಡ್ಡಿನವರು ಇಲ್ಲಿಗೇ ಏಕೆ ಬಂದರು ಎಂದು ಆಗ ತಿಳಿಯಿತು. ಕ್ಯಾಮೆರಾ ತಿರುಗಿಸಿದರೆ ಸಾಕು, ಊರು ಬದಲಾಗುತ್ತದೆ. ಸೆಟ್ಟು ಹಾಕಬೇಕಿಲ್ಲ, ಬಾಡಿಗೆ ದೀಪ ಬೇಕಿಲ್ಲ, ಬಿಸಿಲು ಧಾರಾಳ.

ತುಂಗಾತೀರ ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಈ ಬಗೆಯ ಚಿತ್ರಗಳ ಬಡತನವೇ ಆ ಬಂಡೆಗಳನ್ನು ನಮಗೆ ಕೊಟ್ಟಿತು. ಕುದುರೆ ಓಡುವಾಗ ಎದ್ದ ಧೂಳು ನಿಜವಾದ ಧೂಳು.

ಬಯಲುಸೀಮೆ
ರಾಮನಗರದ ರಾಮದೇವರ ಬೆಟ್ಟ ನೆನಪಾಯಿತು! 1975ರ ‘ಶೋಲೆ’ ಅಲ್ಲೇ ತಯಾರಾದದ್ದು. ಅಲ್ಲೂ ಅಂಥದೇ ಬಂಡೆ, ಅಂಥದೇ ಕುದುರೆ, ಅಂಥದೇ ಡಕಾಯಿತರು. ನಮ್ಮಲ್ಲೂ ಕೌಬಾಯ್ ಬಂದಿದ್ದ, 1973ರಲ್ಲಿ ದ್ವಾರಕೀಶ್ ಅವರ ‘ಕೌಬಾಯ್ ಕುಳ್ಳ’.

ಕ್ಯಾಲಿಫೋರ್ನಿಯಾ ಕನ್ನಡಿಗ
ನಂಟು ಇನ್ನೂ ಹತ್ತಿರದ್ದು. 1939ರ ‘ಗುಂಗಾ ದಿನ್’ ಚಿತ್ರಕ್ಕೆ ಇದೇ ಅಲಬಾಮಾ ಹಿಲ್ಸ್ ಬ್ರಿಟಿಷರ ಕಾಲದ ನಮ್ಮ ದೇಶದ ವಾಯವ್ಯ ಗಡಿಯಾಗಿ ವೇಷ ಹಾಕಿತ್ತು.

ಇನ್ನೊಂದು ಮಾತು ಹೇಳದೆ ಇರಲಾಗದು. ಲೋನ್ ಪೈನ್‌ನಿಂದ ಉತ್ತರಕ್ಕೆ ಸುಮಾರು 15 ಕಿಲೋಮೀಟರು ಹೋದರೆ ಮಂಜನಾರ್ ಸಿಗುತ್ತದೆ. 1942ರಿಂದ 1945ರವರೆಗೆ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ ಶಿಬಿರ. ಕಾವಲು ಗೋಪುರವೊಂದನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಅದೇ ವರ್ಷಗಳಲ್ಲಿ ಈ ಬಂಡೆಗಳ ನಡುವೆ ನ್ಯಾಯದ ಪರ ಗುಂಡು ಹಾರಿಸುವ ನಾಯಕರ ಚಿತ್ರಗಳು ತಯಾರಾಗುತ್ತಿದ್ದವು. ಆ ಗೋಪುರದ ಕೆಳಗೆ ನಿಂತಾಗ ನನಗೆ ಮಾತು ಹೊರಡಲಿಲ್ಲ.

ಮುಂಜಾವು
ಇದು ಗೊತ್ತೇ ಇರಲಿಲ್ಲ. ಬರೆದಿದ್ದಕ್ಕೆ ಧನ್ಯವಾದ.

ಗಾಲಿಬಂಡಿ
ಚರ್ಚೆ ಎಲ್ಲಿಂದ ಎಲ್ಲಿಗೋ ಹೋಗುತ್ತಿದೆ. ಸಿನಿಮಾದ ಬಗ್ಗೆ ಮಾತಾಡೋಣವೇ?

ನನಗೆ ಇದರಲ್ಲಿ ಇಷ್ಟವಾದದ್ದು ಅಂಕಲ್ ಬೆನ್. ಗ್ಯಾಬಿ ಹೇಸ್ ಅಭಿನಯ. ಗಡ್ಡದ ಮುದುಕ, ಊರಿಗೆಲ್ಲ ಬೇಕಾದವನು. ಅವನನ್ನು ಕೊಲ್ಲುತ್ತಾರೆ, ಅಲ್ಲಿಂದ ಕಥೆಗೆ ಬಿಸಿ ಏರುತ್ತದೆ. ಅದುವರೆಗೆ ಇವರೆಲ್ಲ ಆಟವಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಆಮೇಲೆ ಬಾಯ್ಡ್ ಮುಖದಲ್ಲಿ ನಗು ಆರಿಹೋಗುತ್ತದೆ. ತುಂಗಾತೀರ ಅವರೇ, ನಿಮ್ಮ ಒರಟ ಆ ಕೊನೆಯ ಇಪ್ಪತ್ತು ನಿಮಿಷದಲ್ಲಿ ಇದ್ದಾನೆ. ಇನ್ನೊಮ್ಮೆ ನೋಡಿ.

ರೀಲುಡಬ್ಬಿ
ಗ್ಯಾಬಿ ಹೇಸ್ ಎರಡನೆಯ ಚಿತ್ರದಲ್ಲೂ ಬೇರೆ ಪಾತ್ರವಾಗಿ ಬಂದು ಸಾಯುತ್ತಾರೆ. ಜನಕ್ಕೆ ಅವರ ಮೇಲೆ ಎಷ್ಟು ಪ್ರೀತಿ ಬಂತೆಂದರೆ ಮೂರನೆಯದರಲ್ಲಿ ವಿಂಡಿ ಎಂಬ ಹೊಸ ಹೆಸರು ಕೊಟ್ಟು ಖಾಯಂ ಮಾಡಿಕೊಂಡರು. ಸಾಯಿಸುವ ಗೋಜಿಗೆ ಮತ್ತೆ ಹೋಗಲಿಲ್ಲ.

ಕೊನೆಯ ಇಪ್ಪತ್ತು ನಿಮಿಷದ ಬಗ್ಗೆ ಗಾಲಿಬಂಡಿ ಹೇಳಿದ್ದಕ್ಕೆ ಒಂದು ಸೇರ್ಪಡೆ. ಶೆರ್ಮನ್ ಹಿನ್ನೆಲೆ ಸಂಗೀತವನ್ನು ಕೊನೆಯವರೆಗೆ ಹಿಡಿದಿಡುತ್ತಿದ್ದರು. ಮಾತು, ಗೊರಸಿನ ಸದ್ದು, ಗಾಳಿ, ಅಷ್ಟೇ. ಕೊನೆಗೆ ಎಲ್ಲರೂ ಕುದುರೆ ಏರಿ ಹೊರಟಾಗ ಒಮ್ಮೆಲೇ ವಾದ್ಯಗಳು ಶುರು. ಕಡಿಮೆ ದುಡ್ಡಿನಲ್ಲಿ ಮೈ ಜುಮ್ಮೆನ್ನಿಸುವುದು ಹೇಗೆ ಎಂದು ಬಲ್ಲ ಮನುಷ್ಯ.

ಒಂಟಿಸಾಲು
ಬಾಯ್ಡ್ ಕಥೆಯನ್ನೂ ಹೇಳಿ, ಅದನ್ನು ಬಿಟ್ಟು ಈ ಚಿತ್ರವನ್ನು ತೂಗಲಾಗದು. ಮೂಕಿಚಿತ್ರಗಳ ಕಾಲದ ದೊಡ್ಡ ನಟ, ಸೆಸಿಲ್ ಬಿ. ಡೆಮಿಲ್ ಚಿತ್ರಗಳ ನಾಯಕ. 1931ರಲ್ಲಿ ಅದೇ ಹೆಸರಿನ ಇನ್ನೊಬ್ಬ ನಟ ಜೂಜು ಮತ್ತು ಮದ್ಯದ ಪ್ರಕರಣದಲ್ಲಿ ಸಿಕ್ಕಿಬಿದ್ದ. ಪತ್ರಿಕೆಯಲ್ಲಿ ಅಚ್ಚಾದ ಫೋಟೊ ಇವರದು! ತಪ್ಪೇನೂ ಮಾಡದೆ ಕೆಲಸ ಹೋಯಿತು. ಕೆಲವು ವರ್ಷ ಕೈಯಲ್ಲಿ ಚಿತ್ರಗಳೇ ಇಲ್ಲದ ಹಾಗಾಗಿತ್ತು. ಆಗ ಬಂದದ್ದು ಈ ಸಣ್ಣ ಚಿತ್ರ. ಅವರಿಗೆ ಕುದುರೆ ಸವಾರಿಯೂ ಚೆನ್ನಾಗಿ ಬರುತ್ತಿರಲಿಲ್ಲ.

ಮಾಡದ ತಪ್ಪಿಗೆ ಕುಡುಕ ಎನ್ನಿಸಿಕೊಂಡ ಮನುಷ್ಯ ತೆರೆಯ ಮೇಲೆ ಕುಡಿಯದ ನಾಯಕನಾದ. ನನ್ನ ಕಣ್ಣಿಗೆ ಆ ಸೌಮ್ಯ ಮುಖದ ಹಿಂದೆ ಇದೆಲ್ಲ ಕಾಣುತ್ತದೆ.

ಕಾಮನಬಿಲ್ಲು
ಕಣ್ಣು ತುಂಬಿತು. ಆದರೂ ಮೇರಿಯ ವಿಷಯದಲ್ಲಿ ನನ್ನ ಮಾತು ಹಿಂದೆಗೆಯುವುದಿಲ್ಲ.

ಏಳುಸುತ್ತು
ಇದನ್ನೆಲ್ಲ ಓದುತ್ತಿದ್ದರೆ ನಮ್ಮ ತರಾಸು ಅವರೇ ಎದುರಿಗೆ ಬಂದು ನಿಂತ ಹಾಗಾಗುತ್ತದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಮಾಡಿದಾಗ ನಾಡೇ ಕುಣಿಯಿತು, ವಿಷ್ಣುವರ್ಧನ್ ಸಿಕ್ಕಿದರು. ಕಾದಂಬರಿ ಬರೆದವರಿಗೆ ಮಾತ್ರ ಅದು ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ನೊಂದುಕೊಂಡರು ಎನ್ನುವುದು ನಮ್ಮ ದುರ್ಗದಲ್ಲಿ ಮನೆಮಾತು. ಪುಸ್ತಕದ ರಾಮಾಚಾರಿಯನ್ನು ಓದಿದವರಿಗೆ ಅವರ ನೋವು ಗೊತ್ತಾಗುತ್ತದೆ. ತುಂಗಾತೀರ ಅವರಿಗೆ ಆದದ್ದೂ ಅದೇ.

ಬಯಲುಸೀಮೆ
ಪುಟ್ಟಣ್ಣನವರು ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ಇಳಿಸಿದ್ದು. ಹಾಗೆ ಮಾಡುವಾಗ ಏನೋ ಒಂದು ಹೋಗಲೇಬೇಕು. ಬಂಗಾರದಂಥ ಚಿತ್ರವನ್ನು ಇದಕ್ಕೆ ಹೋಲಿಸಬೇಡಿ.

ಏಳುಸುತ್ತು
ಚಿತ್ರಗಳನ್ನು ಹೋಲಿಸಲಿಲ್ಲ. ಲೇಖಕರ ಸಂಕಟವನ್ನು ಹೋಲಿಸಿದೆ. ಮಲ್‌ಫೋರ್ಡ್ ಕೂಡ ಈ ಹೊಸ ಕ್ಯಾಸಿಡಿಯನ್ನು ಮೆಚ್ಚಿರಲಿಲ್ಲ.

ಹಳೇಪುಸ್ತಕ
ಸಂಕಟ ಅವರೊಬ್ಬರದೇ ಅಲ್ಲ. 1949ರಲ್ಲಿ ಈ ಚಿತ್ರಗಳು ಎನ್‌ಬಿಸಿ ಟಿವಿಯಲ್ಲಿ ಬಂದು ಅಮೆರಿಕದ ಮಕ್ಕಳೆಲ್ಲ ಹುಚ್ಚೆದ್ದರು. ಬಾಯ್ಡ್ ತಮ್ಮ ಆಸ್ತಿ ಮಾರಿ, ಸಾಲ ಮಾಡಿ ಹಕ್ಕುಗಳನ್ನು ಕೊಂಡಿದ್ದರು, ಕೈಹಿಡಿಯಿತು. ಮರುವರ್ಷ ಕ್ಯಾಸಿಡಿಯ ಚಿತ್ರವಿದ್ದ ಊಟದ ಡಬ್ಬಿ ಅಂಗಡಿಗೆ ಬಂತು. ಆಗ ಹೊಸ ಕ್ಯಾಸಿಡಿ ಕಾದಂಬರಿ ಬರೆಯಲು ಹಿಡಿದದ್ದು ಯಾರನ್ನು? ಮುಂದೆ ಕೌಬಾಯ್ ಕಾದಂಬರಿಗಳಿಗೇ ಹೆಸರಾದ ಲೂಯಿ ಲಮೋರ್ ಅವರನ್ನು! ಟೆಕ್ಸ್ ಬರ್ನ್ಸ್ ಎಂಬ ಹೆಸರಿನಲ್ಲಿ ನಾಲ್ಕು ಪುಸ್ತಕ ಬರೆದರು. ಅವರಿಗೆ ಬೇಕಿದ್ದದ್ದು ಮಲ್‌ಫೋರ್ಡ್ ಬರೆದ ಒರಟ, ಪ್ರಕಾಶಕರಿಗೆ ಬೇಕಿದ್ದದ್ದು ಟಿವಿಯ ಸಭ್ಯ. ಕೊನೆಗೂ ಪ್ರಕಾಶಕರೇ ಗೆದ್ದರು. ಬದುಕಿರುವತನಕ ಲಮೋರ್ ಆ ಪುಸ್ತಕಗಳನ್ನು ತಮ್ಮದೆಂದು ಒಪ್ಪಿಕೊಳ್ಳಲಿಲ್ಲ. ಅವರು ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಮತ್ತೆ ಅಚ್ಚಾದವು.

ನಮ್ಮೂರಿನ ಬಾಡಿಗೆ ಪುಸ್ತಕದಂಗಡಿಯಲ್ಲಿ ಕೌಬಾಯ್ ಪುಸ್ತಕಗಳಿಗೇ ಒಂದು ಅಡ್ಡಹಲಗೆ ಇತ್ತು. ಆಲಿವರ್ ಸ್ಟ್ರೇಂಜ್ ಬರೆದ ‘ಸಡನ್’ ಸರಣಿಗೆ ಹುಡುಗರು ಸರದಿ ಹಚ್ಚುತ್ತಿದ್ದರು. ಮೊದಲ ಪುಟದಲ್ಲಿ ನೇರಳೆ ಶಾಯಿಯ ಮೊಹರು, ಬೆನ್ನಿಗೆ ಕಂದು ಕಾಗದದ ಪಟ್ಟಿ, ಎಷ್ಟೋ ಸಲ ಕೊನೆಯ ಪುಟವೇ ಇರುತ್ತಿರಲಿಲ್ಲ. ಅಂಗಡಿಯವರನ್ನು ಕೇಳಿದರೆ ಕಥೆಯ ಕೊನೆಯನ್ನು ಅವರೇ ಬಾಯಲ್ಲಿ ಹೇಳಿ ಕಳಿಸುತ್ತಿದ್ದರು. ಎಲ್ಲವನ್ನೂ ಓದಿ ಮುಗಿಸಿದ್ದ ಮನುಷ್ಯ.

ಗಾಲಿಬಂಡಿ
ನಮ್ಮಲ್ಲೂ ಹಾಗೇ! ದಿನಕ್ಕೆ ಇಪ್ಪತ್ತೈದು ಪೈಸೆ.

ಎಮ್ಮೆಬೆಟ್ಟ
ಸಿನಿಮಾದಲ್ಲಿ ಅವನ ಕಾಲಿನ ಕಥೆ ಏನಾಯಿತು? ಯಾರೂ ಹೇಳಲಿಲ್ಲ.

ತುಂಗಾತೀರ
ಈ ಮೊದಲ ಚಿತ್ರದಲ್ಲಿ ಇದೆ. ಶುರುವಿನಲ್ಲಿ ಬರೀ ಬಿಲ್ ಕ್ಯಾಸಿಡಿ. ಕಾಲಿಗೆ ಗುಂಡು ಬಿದ್ದು ಕುಂಟುವಾಗ, ಕುಪ್ಪಳಿಸಿಕೊಂಡಾದರೂ (ಇಂಗ್ಲಿಷಿನಲ್ಲಿ ‘ಹಾಪ್ ಅಲಾಂಗ್’) ನಿಮ್ಮ ಜೊತೆ ಬರುತ್ತೇನೆ ಎನ್ನುತ್ತಾನೆ, ಹೆಸರು ಅಂಟಿಕೊಳ್ಳುತ್ತದೆ. ಪುಸ್ತಕದಲ್ಲಿ ಅದು ಒಬ್ಬ ಶೆರಿಫನನ್ನು ಉಳಿಸಲು ಹೋಗಿ ಬಂದ ಗಾಯ. ಮುಂದಿನ ಚಿತ್ರಗಳಲ್ಲಿ ಕುಂಟುವುದನ್ನೇ ಬಿಟ್ಟರು, ಹೆಸರು ಮಾತ್ರ ಉಳಿಯಿತು.

ಗಾಲಿಬಂಡಿ ಅವರ ಮಾತು ಕೇಳಿ ಕೊನೆಯ ಭಾಗವನ್ನು ಮತ್ತೆ ನೋಡಿದೆ. ಅಂಕಲ್ ಬೆನ್ ಸತ್ತ ಮೇಲಿನ ಬಾಯ್ಡ್ ಮುಖದ ಬಗ್ಗೆ ನೀವು ಹೇಳಿದ್ದು ನಿಜ. ಅಲ್ಲಿ ಅವನು ಇದ್ದಾನೆ. ಆದರೆ ಇಪ್ಪತ್ತು ನಿಮಿಷ ನನಗೆ ಸಾಲದು. ಆದ್ದರಿಂದ ಒಂದು ಕೆಲಸಕ್ಕೆ ಕೈಹಾಕಿದ್ದೇನೆ. 1910ರ ಪುಸ್ತಕ, ಅಮೆರಿಕದಲ್ಲಿ ಹಕ್ಕುಸ್ವಾಮ್ಯ ಮುಗಿದಿದೆ. ಮೊದಲ ಅಧ್ಯಾಯವನ್ನು ಕನ್ನಡಕ್ಕೆ ತರುತ್ತಿದ್ದೇನೆ, ಬೈಗುಳ ಸಮೇತ. ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ದನದ ಮೈಮೇಲೆ ಕಾಸಿದ ಕಬ್ಬಿಣದಿಂದ ಒತ್ತುವ ಗುರುತಿಗೆ ‘ಮುದ್ರೆ’ ಎನ್ನಲೇ, ‘ಬರೆ’ ಎನ್ನಲೇ?

ಏಳುಸುತ್ತು
ಬರೆ. ಮುದ್ರೆ ಎಂದರೆ ಕಾಗದದ ವಾಸನೆ ಬರುತ್ತದೆ. ಬರೆ ಎಂದರೆ ಚರ್ಮ ಸುಟ್ಟ ವಾಸನೆ.

ಒಂಟಿಸಾಲು
ಬರೆ ಸರಿ. ಕೌಬಾಯ್ ಅನ್ನು ಹಾಗೇ ಬಿಡಿ. ಗೋವಳ ಎಂದರೆ ಕೊಳಲು ಹಿಡಿದು ಬರುತ್ತಾನೆ.

ತುಂಗಾತೀರ
ಒಪ್ಪಿದೆ. ಇನ್ನೊಂದೇ ಉಳಿದಿದೆ. ಬೇಲಿಯಿಲ್ಲದ ಆ ಅಗಾಧ ಹುಲ್ಲು ನೆಲ, ಇಂಥವರ ದನಕ್ಕೆ ಎಂದು ಮೀಸಲಾದದ್ದು. ‘ಹುಲ್ಲುಗಾವಲು’ ಎಂದು ಬರೆದರೆ ಯಾರದೋ ತೋಟದ ಹಾಗೆ ಕೇಳುತ್ತದೆ.

ಬಯಲುಸೀಮೆ
‘ಕಾವಲು’ ಇದೆಯಲ್ಲ! ಅಜ್ಜಂಪುರ, ಬೀರೂರು ಕಡೆ ಅಮೃತಮಹಲ್ ಕಾವಲು ಎನ್ನುತ್ತೇವೆ. ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಬಿಟ್ಟ ಹುಲ್ಲು ನೆಲ. ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಒತ್ತುವರಿಯ ಜಗಳ ಇವತ್ತಿಗೂ ನಿಂತಿಲ್ಲ. ನಮ್ಮ ಕಡೆಯ ಓದುಗರಿಗೆ ‘ಬಾರ್-20 ಕಾವಲು’ ಎಂದರೆ ವಿವರಣೆಯೇ ಬೇಕಾಗಿಲ್ಲ.

ತುಂಗಾತೀರ
ಬಾರ್-20 ಕಾವಲು! ಎರಡು ದಿನದಿಂದ ಇದನ್ನೇ ಹುಡುಕುತ್ತಿದ್ದೆ. ಭಾನುವಾರ ಮೊದಲ ಅಧ್ಯಾಯವನ್ನು ಇಲ್ಲಿಯೇ ಹಾಕುತ್ತೇನೆ.

ಕಾಮನಬಿಲ್ಲು
ಮೇರಿ ಬರುವ ಅಧ್ಯಾಯ ಯಾವಾಗ?